ಹದಿನಾರು ಔನ್ಸು ನೀರು

ನಾನು ಮೂವತ್ತೆರಡು ವರ್ಷ ಕಂಪೌಂಡರನಾಗಿ ಔಷಧ ಅಳೆದವನು. ಅಳತೆ ತಪ್ಪಿದರೆ ನನಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಹೆಂಡತಿ ಸಾರಿಗೆ ಉಪ್ಪು ಹಾಕುವಾಗಲೂ ಹಿಂದೆ ಹೋಗಿ ನಿಲ್ಲುತ್ತೇನೆ, ಬೈಸಿಕೊಂಡು ಬರುತ್ತೇನೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಇಂಥ ಶಿವಶರಣಪ್ಪ ಒಮ್ಮೆ ಒಂದು ಬಾಟಲಿ ಉಚ್ಚೆಗೆ ಎರಡೂ ಕೈ ಎತ್ತಿ ಮುಗಿದಿದ್ದಾನೆ. ನಗುವವರು ಈಗಲೇ ನಕ್ಕು ಮುಗಿಸಿರಿ, ಆಮೇಲೆ ಹೇಳುತ್ತೇನೆ.

ಯುದ್ಧ ಮುಗಿದ ಮೇಲಿನ ಮೊದಲ ಚಳಿಗಾಲ, ನಲವತ್ತಾರನೆಯ ಇಸವಿ. ಎಳ್ಳಮಾವಾಸ್ಯೆಯ ದಿನ ಬೆಳೆಗೆ ಎಡೆಯ ಚರಗ ಚೆಲ್ಲಿ ಜನ ಹೊಲದಿಂದ ಮನೆಗೆ ಬರುವುದಕ್ಕೂ ವಿಜಾಪುರಕ್ಕೆ ನೆಗಡಿಜ್ವರ ಬರುವುದಕ್ಕೂ ಸರಿಹೋಯಿತು. ಮೊದಲ ಯುದ್ಧದ ಕಾಲದಲ್ಲಿ ಮನೆಮನೆಗಳನ್ನೇ ಖಾಲಿ ಮಾಡಿದ ಮಾನಮೋಡಿ ಜ್ವರವನ್ನು ಕಂಡಿದ್ದ ಮುದುಕರು, ಓಣಿಯಲ್ಲಿ ಯಾರಾದರೂ ಸೀನಿದರೆ ಬಾಗಿಲು ಹಾಕಿಕೊಳ್ಳತೊಡಗಿದರು. ಇದು ಅಷ್ಟು ಕೆಟ್ಟದ್ದಲ್ಲ. ಬಹಳ ಮಂದಿಗೆ ನಾಲ್ಕು ದಿನ ಮೈಕೈ ನೋವು, ಕೆಮ್ಮು, ಆಮೇಲೆ ಗುಣ. ಕೆಲವರಿಗೆ ಮಾತ್ರ ಎದೆಗೆ ಇಳಿಯುತ್ತಿತ್ತು. ಅಂಥವರಿಗೆಂದು ಗೋಳಗುಮ್ಮಟದ ಹತ್ತಿರ ಒಂದು ಹಳೆಯ ಧರ್ಮಶಾಲೆಯಲ್ಲಿ ಇಪ್ಪತ್ತು ಮಂಚ ಹಾಕಿ ದವಾಖಾನೆ ತೆರೆದರು. ಡಾಕ್ಟರು ಇಸ್ಮಾಯಿಲ ಸಾಹೇಬರು. ಬರ್ಮಾದ ಯುದ್ಧದಲ್ಲಿ ಸಿಪಾಯಿಗಳನ್ನು ನೋಡಿಕೊಂಡು ಬಂದವರು, ಮಾತು ಕಡಿಮೆ. ಕಂಪೌಂಡರನೆಂದು ನನ್ನನ್ನು ಕಳಿಸಿದರು.

ಆ ಚಳಿಗಾಲದಲ್ಲಿ ಸಾಹೇಬರು ಒಂದು ಸಂಗತಿ ಗಮನಿಸಿದರು. ಜ್ವರ ಎದೆಗೆ ಇಳಿದವರಲ್ಲಿ ಕೆಲವರಿಗೆ ಉಚ್ಚೆ ಕಡಿಮೆಯಾಗುತ್ತಿತ್ತು. ಕೆಮ್ಮಿಗೂ ಉಚ್ಚೆಗೂ ಎತ್ತಣ ಸಂಬಂಧ ಎಂದು ನಾನು ಒಳಗೊಳಗೇ ನಕ್ಕೆ. ಆರು ಮಂದಿಗೆ ಹಾಗಾಯಿತು, ನಾಲ್ವರು ತಾವಾಗಿಯೇ ಚೇತರಿಸಿಕೊಂಡರು. ಐದನೆಯವನು ಬಟ್ಟೆ ವ್ಯಾಪಾರಿ ಶಿವಯೋಗೆಪ್ಪ. ಅವನಿಗೆ ಉಚ್ಚೆ ಪೂರಾ ನಿಂತೇ ಹೋಯಿತು. ಉಚ್ಚೆ ಬಾರದಿದ್ದರೆ ನೀರು ಕುಡಿಸು ಎಂದು ನಾನೂ ಕಲಿತಿದ್ದೆ, ನನ್ನ ಅಜ್ಜಿಯೂ ಕಲಿತಿದ್ದಳು. ಬಾರ್ಲಿ ನೀರು, ಜೀರಿಗೆ ಕಷಾಯ, ಎಳನೀರು ಎಂದು ಹೂಜಿಗಟ್ಟಲೆ ಹೊಯ್ದೆವು. ಮುಂದೆ ನಿಂತು ಹೊಯ್ದವನು ನಾನೇ. ಶಿವಯೋಗೆಪ್ಪ ಊದಿಕೊಂಡ. ಆರನೆಯ ದಿನ, ಮಂಚದ ಮೇಲೆ ಮಲಗಿದ್ದವನು ಬಾವಿಯಲ್ಲಿ ಮುಳುಗಿದವನ ಹಾಗೆ ಉಸಿರಿಗೆ ಬಾಯಿ ಬಿಟ್ಟು ಸತ್ತ. ಸಾಹೇಬರು ಅವತ್ತು ಊಟ ಮಾಡಲಿಲ್ಲ. ಮರುದಿನ ಟ್ರಂಕಿನಿಂದ ಹಳೆಯ ವೈದ್ಯ ಪತ್ರಿಕೆಗಳನ್ನು ತೆಗೆದು ಓದುತ್ತ ಕೂತರು.

ಆರನೆಯವನು ಮಲಕಾಜಪ್ಪ.

ಅವನ ಊರು ತಿಕೋಟಾ, ಕೆಲಸ ಭೂತನಾಳದ ಕೆರೆಯ ಮೇಲೆ. ಕೆರೆಯ ನೀರು ಪಟ್ಟಣಕ್ಕೆ ಬರುವ ಮೊದಲು ಉಸುಕಿನ ಹೊಂಡದಲ್ಲಿ ಸೋಸಬೇಕಲ್ಲ, ಆ ಹೊಂಡ ನೋಡಿಕೊಳ್ಳುವುದು, ಚಾವಿ ತಿರುವಿ ನೀರು ಬಿಡುವುದು, ನಿಲ್ಲಿಸುವುದು ಅವನ ಪಾಲಿಗೆ. ಮೂವತ್ತರ ಗಟ್ಟಿ ಆಳು. ಹೆಂಡತಿ ತಾಯವ್ವ ಬಬಲೇಶ್ವರದವಳು. ಗಂಡಹೆಂಡತಿ ಕೆರೆಯ ದಂಡೆಯ ಒಂದು ಕೋಣೆಯಲ್ಲಿದ್ದರು. ಐದು ದಿನ ಜ್ವರ ಕಾಯ್ದು ಆರನೆಯ ದಿನ ಚಕ್ಕಡಿಯಲ್ಲಿ ಹಾಕಿಕೊಂಡು ಬಂದಳು. ತೊಡೆ ಮುಟ್ಟಿದರೆ ಚೀರುತ್ತಿದ್ದ, ಮೈಯ ಮಾಂಸವೆಲ್ಲ ಜಜ್ಜಿ ಹೋದಂತೆ ನೋವು. ಸಾಹೇಬರು ಮೊದಲು ಕೇಳಿದ್ದು ಉಚ್ಚೆ. ಬಂದದ್ದು ಎರಡು ಚಮಚೆ, ಹಾಲು ಹಾಕದ ಚಹಾದ ಬಣ್ಣದ್ದು. ಅದಾದ ಮೇಲೆ ಏನೂ ಬರಲಿಲ್ಲ.

ಸಾಹೇಬರು ನನ್ನನ್ನು ಒಳಗೆ ಕರೆದರು. ಲಂಡನ್ನಿನಲ್ಲಿ ಬಾಂಬು ಬಿದ್ದು ಕುಸಿದ ಮನೆಗಳ ಅಡಿ ಸಿಕ್ಕಿಬಿದ್ದವರಿಗೂ ಹೀಗೇ ಕಪ್ಪು ಉಚ್ಚೆ ಬಂದು ನಿಂತಿತ್ತಂತೆ. ಬಹಳ ಜನ ಸತ್ತರು. ಹತ್ತು ಹನ್ನೆರಡು ದಿನ ಹೇಗೋ ಉಳಿದವರಲ್ಲಿ ಕೆಲವರಿಗೆ ಮಾತ್ರ ಉಚ್ಚೆ ತಾನಾಗಿಯೇ ತಿರುಗಿ ಬಂತಂತೆ. ಅಷ್ಟು ದಿನ ಇವನನ್ನು ಉಳಿಸಬೇಕು, ಅದಕ್ಕೆ ಔಷಧವೆಂಬುದಿಲ್ಲ ಎಂದರು. ಬೇಳೆ ಬೇಡ, ರೊಟ್ಟಿ ಬೇಡ, ಉಪ್ಪು ಬೇಡ. ಸಕ್ಕರೆ, ಬೆಣ್ಣೆ, ಮತ್ತು ದಿನವೊಂದಕ್ಕೆ ಹದಿನಾರು ಔನ್ಸು ನೀರು. ಅದರ ಮೇಲೆ ಒಂದು ಹನಿ ಹೋಗಕೂಡದು. ಆ ಹನಿಯ ಜವಾಬ್ದಾರಿ ನಿನ್ನದು ಎಂದು ನನ್ನ ಔನ್ಸು ಗ್ಲಾಸನ್ನು ನನ್ನ ಕೈಗೇ ಕೊಟ್ಟರು.

ನಾನು ತಾಯವ್ವನಿಗೆ ಹುಕುಂ ಹೇಳಿದೆ. ಯಾಕೆ ಎಂದು ಹೇಳಲಿಲ್ಲ. ಹೇಳಬೇಕು ಎಂದು ಹೊಳೆಯಲೂ ಇಲ್ಲ.

ಮೂರನೆಯ ದಿನಕ್ಕೆ ಮಲಕಾಜಪ್ಪನ ಕಣ್ಣ ರೆಪ್ಪೆ ಊದಿದವು. ನಾಲ್ಕನೆಯ ದಿನ ಬೆಳಿಗ್ಗೆ ಕಾಲು ಒತ್ತಿದರೆ ಬೆರಳಿನ ಕುಳಿ ಬೀಳುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಸಾಹೇಬರು ಎದೆಗೆ ನಳಿಗೆಯಿಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಅಳತೆ ಬರೋಬ್ಬರಿ ಇದೆಯೇ ಎಂದು ಕೇಳಿದರು. ಅಳತೆಯ ಬಗ್ಗೆ ನನ್ನನ್ನು ಕೇಳಿದ ಮೊದಲ ಮನುಷ್ಯ ಅವರು. ನನ್ನ ಕಿವಿ ಕೆಂಪಗಾದವು.

ಅವತ್ತು ಮಧ್ಯಾಹ್ನ ಬುತ್ತಿ ಅರ್ಧಕ್ಕೇ ಕಟ್ಟಿಟ್ಟು ಬೇಗ ಬಂದೆ. ಬಂದು ನೋಡಿದರೆ ಮಂಚದ ಸುತ್ತ ಜಾತ್ರೆ. ತಿಕೋಟಾದವರು ಎಂಟು ಜನ, ಬಬಲೇಶ್ವರದ ಬೀಗರು ನಾಲ್ಕು ಜನ. ಎಲ್ಲರ ಕೈಯಲ್ಲೂ ಒದ್ದೆ ಬಟ್ಟೆ ಸುತ್ತಿದ ತತ್ರಾಣಿ, ಹೊಲಕ್ಕೆ ನೀರು ಒಯ್ಯುವ ಮಣ್ಣಿನ ಪಾತ್ರೆ. ನಮ್ಮ ಕಡೆಯ ರೂಢಿ ನನಗೆ ಗೊತ್ತಿಲ್ಲದ್ದಲ್ಲ. ಊರು ಬಿಟ್ಟು ಬೇನೆ ಬಿದ್ದವನಿಗೆ ಪರಊರಿನ ನೀರು ಒಗ್ಗುವುದಿಲ್ಲ, ಅವನ ಊರ ಬಾವಿಯ ನೀರು ಒಯ್ಯಬೇಕು, ನೋಡಲು ಹೋದವರು ತಮ್ಮ ಕೈಯಾರೆ ಮೂರು ಗುಟುಕು ಕುಡಿಸಬೇಕು. ಬರಿಗೈಯಲ್ಲಿ ಹೋದರೆ ನೋಡಲು ಹೋಗಿದ್ದೋ, ಸಾವು ಹಾರೈಸಲು ಹೋಗಿದ್ದೋ ಎಂದು ಜನ ಆಡಿಕೊಳ್ಳುತ್ತಾರೆ. ತಿಕೋಟಾದವರು ತಮ್ಮ ಬಾವಿಯ ನೀರು ತೂಕದ್ದು ಎನ್ನುತ್ತಿದ್ದರು, ಬಬಲೇಶ್ವರದವರು ತಮ್ಮದು ಸಿಹಿ ಎನ್ನುತ್ತಿದ್ದರು. ಈ ಪೈಪೋಟಿಯ ನಡುವೆ ಮಲಕಾಜಪ್ಪನ ತಾಯಿ ಹೊಳೆವ್ವ ಮಗನ ತಲೆ ಎತ್ತಿ ಹಿಡಿದು, ಇನ್ನೊಂದು ಗುಟುಕು ಯಪ್ಪಾ, ನಮ್ಮ ಬಾವೀದು ಎಂದು ತತ್ರಾಣಿಯನ್ನು ತುಟಿಗೆ ಹಿಡಿದಿದ್ದಳು.

ಗುಟುಕಿಗೆ ಒಂದು ಔನ್ಸು ಹಿಡಿಯಿರಿ. ಹನ್ನೆರಡು ಜನ, ಮೂರು ಮೂರು ಗುಟುಕು, ಒಂದೇ ಭೆಟ್ಟಿಗೆ ಮೂವತ್ತಾರು ಔನ್ಸು. ನಾನು ಊಟಕ್ಕೆ ಹೋದ ಹೊತ್ತಿಗೆ, ಹೀಗೆ ಮೂರು ದಿನ. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವಲ್ಲ, ಆ ಹಳ್ಳ ಅವನ ಮೈಯೊಳಗೇ ಹರಿದಿತ್ತು. ಎದುರಿಗೆ ಶಿವಯೋಗೆಪ್ಪನ ಬಾಯಿ ಕಂಡಿತು. ಹೋಗಿ ಹೊಳೆವ್ವನ ಕೈಯಿಂದ ತತ್ರಾಣಿ ಕಸಿದುಕೊಂಡು ಕಿಟಕಿಯಿಂದ ಹೊರಗೆ ಸುರಿದುಬಿಟ್ಟೆ.

ಕೆಮ್ಮುತ್ತಿದ್ದವರು ಎದ್ದು ಕೂತು ಕಿಟಕಿಯ ಕಡೆ ನೋಡಿದರು. ನಮ್ಮದು ಮುಖ ತೊಳೆದ ನೀರನ್ನೂ ತುಳಸಿ ಗಿಡಕ್ಕೆ ಹಾಕುವ ನಾಡು. ವೈರಿ ಬಂದು ನೀರು ಕೇಳಿದರೂ ಇಲ್ಲ ಎನ್ನುವ ಮಾತಿಲ್ಲ. ಹೊಳೆವ್ವ ಜಗಳಕ್ಕೆ ಬರುತ್ತಾಳೆಂದು ನಾನು ಸೊಂಟ ಕಟ್ಟಿ ನಿಂತೆ. ಅವಳು ದನಿ ಎತ್ತಲಿಲ್ಲ.

"ಬ್ಯಾನ್ಯಾಗ ಬಿದ್ದಂವನ ಬಾಯಾನ ನೀರ ಚೆಲ್ಲಿದಿ, ತಮ್ಮಾ," ಎಂದಳು. "ಇರಲಿ. ನಿನ್ನ ಮನೀ ಬಾವಿ ಎಂದೂ ಬತ್ತದಿರಲಿ."

ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಔಷಧದ ಕೋಣೆಗೆ ಹೋಗಿ ತೊಳೆದಿಟ್ಟ ಬಾಟಲಿಗಳನ್ನೇ ಮತ್ತೆ ತೊಳೆಯುತ್ತ ನಿಂತೆ.

ಸಂಜೆಗೆ ತಾಯವ್ವ ಸಾಹೇಬರ ಬಾಗಿಲಿಗೆ ಬಂದು ನಿಂತಳು. ಸಣ್ಣ ಆಳು, ಕಪ್ಪು ಮೈ, ಮಾತಾಡುವಾಗ ಎದುರಿನವರ ಮುಖವನ್ನೇ ನೋಡುವ ರೂಢಿ. ಗಂಡನಿಗೆ ಏನಾಗಿದೆ, ಯಾಕೆ ನೀರು ಬೇಡ, ತನಗೆ ತಿಳಿಯುವ ಹಾಗೆ ಹೇಳಬೇಕು ಎಂದಳು. ನಾನು ಅವಳನ್ನು ಆಚೆ ಕಳಿಸಲು ಎದ್ದೆ. ಸಾಹೇಬರು ನನ್ನನ್ನೇ ಕೂರಿಸಿದರು.

ಕುರಿ ಕೊಯ್ದಾಗ ಬೆನ್ನ ಎರಡೂ ಬದಿಗೆ ಗುರ್ದಾ ಸಿಗುತ್ತವಲ್ಲ, ಮನುಷ್ಯನಿಗೂ ಅವೇ ಇವೆ ಎಂದು ಶುರು ಮಾಡಿದರು. ಮುಷ್ಟಿಯಷ್ಟು ದೊಡ್ಡವು, ಎರಡು. ಮೈಯ ರಕ್ತವೆಲ್ಲ ಅವುಗಳ ಮೂಲಕ ಹಾಯುತ್ತದೆ. ಅವು ಒಂದು ದಿನಕ್ಕೆ ಹನ್ನೆರಡು ಕೊಡ ನೀರನ್ನು ರಕ್ತದಿಂದ ಸೋಸಿ ತೆಗೆಯುತ್ತವೆ. ತೆಗೆದು, ಒಳ್ಳೆಯದನ್ನೆಲ್ಲ ತಿರುಗಿ ರಕ್ತಕ್ಕೇ ಕೊಟ್ಟು, ಕೆಟ್ಟದ್ದನ್ನು ಒಂದು ಚರಿಗೆಯಷ್ಟರಲ್ಲಿ ಹೊರಗೆ ಹಾಕುತ್ತವೆ. ಹುಟ್ಟಿದಂದಿನಿಂದ ಸಾಯುವವರೆಗೆ ಒಂದು ದಿನ ರಜೆಯಿಲ್ಲ, ಸದ್ದಿಲ್ಲ. ಈ ಜ್ವರದ ವಿಷಕ್ಕೆ ಅವನ ಗುರ್ದಾ ನಿಂತಿವೆ. ಸತ್ತಿವೆಯೋ ಮಲಗಿವೆಯೋ ತನಗೆ ಗೊತ್ತಿಲ್ಲ ಎಂದರು.

ಹದಿನೈದು ವರ್ಷ ಮೂತ್ರಪಿಂಡ ಎಂಬ ಶಬ್ದವನ್ನು ಬಾಟಲಿಯ ಚೀಟಿಯ ಮೇಲೆ ಬರೆದವನಿಗೆ ಆ ಹನ್ನೆರಡು ಕೊಡದ ಲೆಕ್ಕ ಯಾರೂ ಹೇಳಿರಲಿಲ್ಲ. ನನಗರಿಯದೆ ನನ್ನ ಕೈ ಬೆನ್ನಿಗೆ ಹೋಗಿತ್ತು.

"ನಾ ದಿನಾ ಆರು ಕೊಡ ಹೊತ್ತರ ಕುತಗಿ ಬಿದ್ದ ಹೋಗತೈತ್ರಿ," ಎಂದಳು ತಾಯವ್ವ. "ಇಷ್ಟಿಷ್ಟ ಎರಡು ತುಣುಕು ಹನ್ನೆರಡು ಕೊಡ ಹೊರತಾವನ್ರಿ?"

ಆಮೇಲೆ ಅವಳೇ ದಾರಿ ಹಿಡಿದಳು. ಭೂತನಾಳದ ಹೊಂಡದಲ್ಲಿ ಉಸುಕು ರಾಡಿ ಕಟ್ಟಿಕೊಂಡಾಗ ನೀರು ಕೆಳಗೆ ಇಳಿಯುವುದಿಲ್ಲ. ಆಗ ಗಂಡ ಮೊದಲು ಮೇಲಿನ ಚಾವಿ ಮುಚ್ಚುತ್ತಾನೆ. ಮುಚ್ಚದೆ ಇನ್ನಷ್ಟು ನೀರು ಬಿಟ್ಟರೆ ಉಸುಕು ತೆರೆಯುವುದಿಲ್ಲ, ಕಟ್ಟೆ ಒಡೆದು ನೀರು ಕೋಣೆಗೆ ನುಗ್ಗುತ್ತದೆ. ಒಂದು ಸಲ ನುಗ್ಗಿತ್ತು, ಜೋಳದ ಚೀಲ ತೊಯ್ದಿತ್ತು. ಇದೂ ಹಾಗೆಯೇ ಏನು ಎಂದು ಕೇಳಿದಳು. ಸಾಹೇಬರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಚಾವಿ ಮುಚ್ಚಿದ ಮೇಲೆ ನಿನ್ನ ಗಂಡ ಏನು ಮಾಡುತ್ತಾನೆ ಎಂದರು.

"ದಂಡೀಗೆ ಕುಂತು ಕಾಯತಾರ್ರಿ," ಎಂದಳು ತಾಯವ್ವ. "ಉಸುಕು ತಾನ ಹದಕ್ಕ ಬರೂ ಮಟಾ."

ಮರುದಿನ ಅವಳು ಭೂತನಾಳಕ್ಕೆ ನಡೆದು ಹೋಗಿ ಎರಡು ದೊಡ್ಡ ಮಣ್ಣಿನ ಹರವಿಗಳನ್ನು ಹೊರಿಸಿಕೊಂಡು ಬಂದು ಬಾಗಿಲ ಬೇವಿನ ಗಿಡದ ಕೆಳಗೆ ಹೂಡಿದಳು. ನೀರು ತಂದವರ ತತ್ರಾಣಿ ಇಸಿದುಕೊಂಡು ಹರವಿಗೆ ಸುರಿಯುವಳು. ನಿಮ್ಮ ನೀರು ಅವರಿಗೆ ಮುಟ್ಟುತ್ತದೆ, ಇವತ್ತಲ್ಲ, ಏಳುವ ದಿನ ಎನ್ನುವಳು. ಬೇಡ ಎನ್ನಲಿಲ್ಲ, ಚೆಲ್ಲಲೂ ಇಲ್ಲ. ನನಗಿಲ್ಲದ ಬುದ್ಧಿ. ಹರವಿ ಎರಡು ಯಾಕೆಂದರೆ, ತಿಕೋಟಾದ ನೀರಿನಲ್ಲಿ ಬಬಲೇಶ್ವರದ ನೀರು ಕಲಸಲು ಎರಡೂ ಕಡೆಯವರು ಒಪ್ಪಲಿಲ್ಲ.

ತಂದ ನೀರನ್ನು ಹರವಿಗೆ ಸುರಿಯುವುದನ್ನು ಹೊಳೆವ್ವ ಮಾತ್ರ ಒಪ್ಪಲಿಲ್ಲ. ಸೊಸೆಯ ಕಡೆ ಬೆನ್ನು ಮಾಡಿ ಗಿಡದ ಕೆಳಗೆ ಕೂತಳು. ಹೊಲದಲ್ಲಿ ಜೋಳ ಕಾಯಲು ಗಂಡನನ್ನು ಬಿಟ್ಟು ಬಂದವಳು, ತಿರುಗಿ ಊರಿಗೂ ಹೋಗಲಿಲ್ಲ. ನಾನು ಎದುರಾದರೆ ಮುಖದ ಮೇಲೆ ಸೆರಗು ಎಳೆದುಕೊಳ್ಳುವಳು.

ಒಳಗೆ ಬಾಯಾರಿಕೆಯ ಕಥೆಯೇ ಬೇರೆ. ಒಂದೂವರೆ ತಾಸಿಗೆ ಒಂದು ಔನ್ಸು, ಅದರಲ್ಲೇ ಸಕ್ಕರೆ. ನಾನು ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆಗೆ ತಂದು ಕೊಡುವುದು, ತಾಯವ್ವ ಅದರಲ್ಲಿ ಬೆರಳು ಅದ್ದಿ ತೊಟ್ಟು ತೊಟ್ಟಾಗಿ ಬಾಯಿಗೆ ಬಿಡುವುದು. ನಡುನಡುವೆ ಒದ್ದೆ ಅರಿವೆಯಿಂದ ತುಟಿ ಒರೆಸುವಳು. ಅವನು ಮೊದಲು ಬೇಡಿದ, ಆಮೇಲೆ ಬೈದ, ಆಮೇಲೆ ಅತ್ತ. ಏಳನೆಯ ದಿನ ಕಿಟಕಿಯಿಂದ ಹರವಿ ಕಂಡು ಅವಳ ಮಣಿಕಟ್ಟು ಹಿಡಿದುಕೊಂಡ.

"ಈ ಊರಿಗೆಲ್ಲಾ ನೀರ ಬಿಟ್ಟಂವ ನಾ," ಎಂದ. "ನನಗ ಒಂದು ಗುಟುಕು ಇಲ್ಲೇನ, ತಾಯವ್ವ?"

ತಾಯವ್ವ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನೀವೇ ಹೇಳಿರಿ, ಉಸುಕು ಕಟ್ಟಿದಾಗ ಚಾವಿ ತೆರೆಯುತ್ತೀರೇನು ಎಂದು ಅವನನ್ನೇ ಕೇಳಿದಳು. ಮಲಕಾಜಪ್ಪ ಗೋಡೆಯ ಕಡೆ ಹೊರಳಿದ. ಅವನಿಗೆ ತಿಳಿಯಿತೋ, ಸಾಕಾಯಿತೋ ನನಗೆ ಗೊತ್ತಾಗಲಿಲ್ಲ.

ಒಂಬತ್ತನೆಯ ದಿನ ಬಿಕ್ಕಳಿಕೆ ಹಿಡಿಯಿತು. ಉಸಿರಿನಲ್ಲಿ ಉಚ್ಚೆಯ ವಾಸನೆ ಬರತೊಡಗಿತು. ಹೆಂಡತಿಯನ್ನು ಗುರುತು ಹಿಡಿಯಲಿಲ್ಲ, ಗಾಳಿಯಲ್ಲಿ ಚಾವಿ ತಿರುವುತ್ತಿದ್ದ. ಸುದ್ದಿ ಮುಟ್ಟಿ ತಿಕೋಟಾದ ಹಿರಿಯರು ಎರಡು ಚಕ್ಕಡಿ ಕಟ್ಟಿಕೊಂಡು ಮಧ್ಯಾಹ್ನಕ್ಕೆ ಬಂದರು. ಇವನು ಉಳಿಯುವುದಿಲ್ಲ, ಊರಿಗೆ ಒಯ್ಯುತ್ತೇವೆ, ಅದಕ್ಕೂ ಮೊದಲು ಬಾಯಿಗೆ ಹೊಟ್ಟೆ ತುಂಬ ನೀರು ಬಿಡುತ್ತೇವೆ ಎಂದರು. ನೀರಡಿಸಿ ಸತ್ತವನ ಜೀವ ಬಾವಿ ಬಾವಿ ಸುತ್ತುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಸಾಹೇಬರು ಇದ್ದದ್ದನ್ನು ಇದ್ದಂತೆ ಹೇಳಿದರು. ಇವತ್ತೋ ನಾಳೆಯೋ ತಿರುಗಬಹುದು, ತಿರುಗದೆಯೂ ಇರಬಹುದು. ನೀರು ಕೊಟ್ಟರೆ ಮಾತ್ರ ಎದೆ ತುಂಬಿ ಸಂಜೆಯೊಳಗೆ ಮುಗಿಯುತ್ತದೆ. ಹೆಂಡತಿ ಏನು ಹೇಳುತ್ತಾಳೋ ಹಾಗೆ ಎಂದರು.

ಎಲ್ಲರೂ ತಾಯವ್ವನ ಕಡೆ ತಿರುಗಿದರು. ಹೊಳೆವ್ವ ಐದು ದಿನದ ಮೇಲೆ ಮೊದಲ ಬಾರಿಗೆ ಸೊಸೆಯ ಮುಖ ನೋಡಿದಳು. ಸಾಯುವವನಿಗೆ ನೀರು ಇಲ್ಲ ಎಂದ ಪಾಪ ಏಳು ಹುಟ್ಟಿಗೂ ಬಿಡುವುದಿಲ್ಲ, ಅದು ಯಾರಿಗೆ ಎಂದು ಕೇಳಿದಳು. ಅವಳದು ಹಟವಲ್ಲ, ಹೆತ್ತ ಹೊಟ್ಟೆಯ ಸಂಕಟ ಎಂದು ನನಗೂ ಅವತ್ತು ತಿಳಿಯಿತು.

ತಾಯವ್ವ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ಒಡ್ಡಿದಳು.

"ಪಾಪ ಇದ್ದರ ನನ್ನ ಉಡಿಯಾಗ ಹಾಕ್ರಿ, ಅತ್ತಿ. ನೀರ ಮಾತ್ರ ಕೊಡಾಂಗಿಲ್ಲ."

ಹೊಳೆವ್ವ ಬಗ್ಗಿ ಬೇವಿನ ಗಿಡದ ಬುಡದಿಂದ ಒಂದು ಮುಷ್ಟಿ ಮಣ್ಣು ತೆಗೆದು ಆ ಸೆರಗಿಗೆ ಹಾಕಿದಳು. ತಾಯವ್ವ ಅದನ್ನು ಗಂಟು ಹಾಕಿ, ಟೊಂಕಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಹಿರಿಯರು ಚಕ್ಕಡಿಯ ಎತ್ತು ಬಿಚ್ಚಿದರು.

ಆ ಮುಂದಿನ ಎರಡು ದಿನ ನಾನು ಮನೆಗೆ ಹೋಗಲಿಲ್ಲ. ಎಂದೂ ದೇವರಿಗೆ ಹರಕೆ ಹೊತ್ತವನಲ್ಲ, ಹೊತ್ತೆ. ಯಾವ ದೇವರಿಗೆ ಎಂದು ಸಹ ನೆನಪಿಲ್ಲ, ಬಾಯಿಗೆ ಬಂದ ದೇವರಿಗೆಲ್ಲ. ಅವನು ಸತ್ತರೆ ಆ ಹೆಣ್ಣುಮಗಳು ಬದುಕಿರುವ ತನಕ ಗಂಡನನ್ನು ನೀರಡಿಸಿ ಕೊಂದವಳು ಎನಿಸಿಕೊಳ್ಳುತ್ತಾಳೆ, ಎರಡೂ ಊರುಗಳಲ್ಲಿ ಅವಳಿಗೆ ಬಾಗಿಲು ತೆರೆಯುವುದಿಲ್ಲ. ಆ ನೀರನ್ನು ಅಳೆದವನು ನಾನು. ಗೆರೆಗೆ ಸರಿಯಾಗಿ ಅಳೆದವನು.

ಹನ್ನೊಂದನೆಯ ದಿನ ಬೆಳಿಗ್ಗೆ ಬಿಸಿಲು ಕಿಟಕಿಯಿಂದ ಮಂಚದ ಕಾಲಿಗೆ ಬಂದಿತ್ತು. ನಾನು ಗ್ಲಾಸು ತೊಳೆಯುತ್ತಿದ್ದೆ. ತಾಯವ್ವ ಬಂದು ಹಾಸಿಗೆ ತೊಯ್ದಿದೆ ಎಂದಳು. ಬೆವರಿರಬೇಕು ಎಂದೆ. ಅವಳು ಅಲ್ಲ ಎಂದು ತಲೆ ಅಲ್ಲಾಡಿಸಿದಳು. ಓಡಿದೆ. ಬಾಟಲಿ ಹಿಡಿದು ಕೂತೆ. ಎಷ್ಟು ಹೊತ್ತು ಕೂತೆನೋ, ಮೊಣಕಾಲು ಮರಗಟ್ಟಿದವು. ಆಮೇಲೆ ಗಾಜಿಗೆ ತಟ್ಟಿದ ಸದ್ದು ಕೇಳಿಸಿತು. ಆ ಸದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಎರಡು ಔನ್ಸು. ಗ್ಲಾಸಿಗೆ ಸುರಿದು ಕಿಟಕಿಯ ಬಿಸಿಲಿಗೆ ಹಿಡಿದೆ. ಕಪ್ಪಲ್ಲ, ಕೆಂಪಲ್ಲ. ತಿಳಿ ಹಳದಿ. ಆಚೆ ಗೋಳಗುಮ್ಮಟ ಇದ್ದಲ್ಲೇ ಇತ್ತು, ಜನ ದೂರದೂರದಿಂದ ಅದನ್ನು ನೋಡಿ ಬಾಯಿ ತೆರೆದು ನಿಲ್ಲುತ್ತಾರೆ. ನಾನು ಎರಡು ಔನ್ಸು ಉಚ್ಚೆಯನ್ನು ನೋಡುತ್ತ ನಿಂತೆ. ಹನ್ನೊಂದು ದಿನ ಸುಮ್ಮನೆ ಬಿದ್ದಿದ್ದ ಮುಷ್ಟಿಯಷ್ಟು ದೊಡ್ಡ ಎರಡು ತುಣುಕು ಮಾಂಸ, ಯಾರೂ ಮುಟ್ಟಲಿಲ್ಲ, ಯಾರೂ ರಿಪೇರಿ ಮಾಡಲಿಲ್ಲ, ಕತ್ತಲೆಯಲ್ಲಿ ತಮ್ಮಷ್ಟಕ್ಕೆ ತಾವೇ ತಮ್ಮನ್ನು ಕಟ್ಟಿಕೊಂಡು ಎದ್ದು ಕೆಲಸಕ್ಕೆ ಕೂತಿದ್ದವು.

ಹೊಳೆವ್ವ ಹೊಸ್ತಿಲಲ್ಲಿ ನಿಂತು ಏನದು ಎಂದಳು. ನಿಮ್ಮ ಮಗನ ಗುರ್ದಾ ಎದ್ದಿವೆ ಎಂದೆ. ಅವಳು ಹತ್ತಿರ ಬಂದು ಗ್ಲಾಸನ್ನು ನೋಡಿ, ದೀಪಕ್ಕೆ ಮುಗಿದಂತೆ ಕೈ ಮುಗಿದಳು. ಪಕ್ಕದ ಮಂಚದವನು ಎದ್ದು ಕೂತು ಮುಗಿದ. ನಾನೂ ಗ್ಲಾಸಿನದನ್ನು ತಿರುಗಿ ಬಾಟಲಿಗೆ ಸುರಿದು ಕೆಳಗಿಟ್ಟು, ಎರಡೂ ಕೈ ಎತ್ತಿ ಮುಗಿದೆ. ಯಾರಿಗೂ ನಗು ಬರಲಿಲ್ಲ.

ಸಾಹೇಬರಿಗೆ ತೋರಿಸಿದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಶಾಬಾಸ್ ಸಾಹೇಬರೇ, ಗೆದ್ದಿರಿ ಎಂದೆ.

"ನಾ ಏನೂ ಮಾಡಿಲ್ಲ, ಶಿವಶರಣಪ್ಪ," ಎಂದರು. "ಅಡ್ಡ ಬರಲಿಲ್ಲ, ಅಷ್ಟ."

ಮರುದಿನ ಎಂಟು ಔನ್ಸು, ಅದರ ಮರುದಿನ ಮೂವತ್ತು. ಐದನೆಯ ದಿನಕ್ಕೆ ನೂರೈವತ್ತು ಔನ್ಸು, ಬಾಟಲಿ ಸಾಲದೆ ಬಕೆಟ್ಟು ಇಟ್ಟೆವು. ಈಗ ಹುಕುಂ ತಿರುವು ಮುರುವಾಯಿತು. ಎಷ್ಟು ಹೊರಗೆ ಬರುತ್ತದೋ ಅಷ್ಟು ನೀರು ಒಳಗೆ ಹೋಗಲೇಬೇಕು, ಇಲ್ಲದಿದ್ದರೆ ಒಣಗಿ ಸಾಯುತ್ತಾನೆ ಎಂದರು ಸಾಹೇಬರು. ತಾಯವ್ವ ಹರವಿಗಳ ಬಾಯಿ ಬಿಚ್ಚಿದಳು. ಕಾಯಿಸಿ ಆರಿಸಿಯೇ ಕೊಡಬೇಕೆಂದು ಸಾಹೇಬರು ಹಟ ಹಿಡಿದದ್ದರಿಂದ ಗಿಡದ ಕೆಳಗೆ ಒಲೆ ಹೂಡಿದ್ದಾಯಿತು. ಮೊದಲ ತಂಬಿಗೆ ಯಾವ ಊರಿನದು ಎಂದು ಎರಡೂ ಕಡೆಯವರು ಮೀಸೆ ತಿರುವಿದರು. ಮಲಕಾಜಪ್ಪ ಎರಡನ್ನೂ ಗಟಗಟ ಕುಡಿದು, ಎರಡೂ ಸಪ್ಪಗಿವೆ, ನಾಳೆ ಭೂತನಾಳದ್ದು ತನ್ನಿರಿ ಎಂದ. ಹನ್ನೆರಡು ಜನರ ಮುಖ ಒಟ್ಟಿಗೇ ಇಳಿದದ್ದನ್ನು ನೋಡಿ ನಾನು ಆ ತಿಂಗಳಲ್ಲಿ ಮೊದಲ ಬಾರಿಗೆ ನಕ್ಕೆ.

ನಾಲ್ಕು ವಾರಕ್ಕೆ ಅವನು ಕೋಲು ಊರಿಕೊಂಡು ನಡೆದ. ಮನೆಗೆ ಹೋಗುವ ದಿನ ತಿಕೋಟಾದಿಂದ ಚಕ್ಕಡಿ ಬಂತು. ಮಗ ಚೇತರಿಸಿಕೊಂಡ ಮೇಲೆ ಊರಿಗೆ ಹೋಗಿದ್ದ ಹೊಳೆವ್ವ ಇಳಿದವಳೇ ಮೊದಲು ನನ್ನ ಕಡೆ ಬಂದು ತತ್ರಾಣಿ ಮುಂದೆ ಹಿಡಿದಳು.

"ಕುಡಿ, ತಮ್ಮಾ. ಈ ಸಲ ಚೆಲ್ಲಬ್ಯಾಡ."

ನಿಂತಲ್ಲೇ ತಲೆ ಎತ್ತಿ ಕೊನೆಯ ಹನಿಯವರೆಗೆ ಕುಡಿದೆ. ನೀರು ನಿಜಕ್ಕೂ ತೂಕದ್ದು, ಸ್ವಲ್ಪ ಉಪ್ಪು. ತತ್ರಾಣಿಯನ್ನು ಬೋರಲು ಹಿಡಿದು ಅವಳಿಗೆ ತೋರಿಸಿದೆ.

ತಾಯವ್ವ ಗಂಡನ ಕಂಬಳಿ ಮಡಿಸಿಕೊಂಡು ಹೊರಗೆ ಬಂದಳು. ಸೆರಗಿನ ತುದಿಯಲ್ಲಿ ಆ ಗಂಟು ಹಾಗೆಯೇ ಇತ್ತು. ಸೀರೆ ತೊಳೆದಾಗಲೂ ಬಿಚ್ಚಿರಲಿಲ್ಲ, ಮಣ್ಣಿನ ಕಲೆ ಸುತ್ತಲೂ ಹರಡಿತ್ತು. ಹೊಳೆವ್ವ ಸೊಸೆಯನ್ನು ಮೆಟ್ಟಿಲ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದಳು. ಗಂಟು ಬಿಗಿದು ಹೋಗಿತ್ತು, ಹಲ್ಲು ಹಚ್ಚಿ ಬಿಚ್ಚಿದಳು. ಒಳಗಿನ ಮಣ್ಣನ್ನು ಒಂದು ಕಣವೂ ಕೆಳಗೆ ಬೀಳದಂತೆ ತನ್ನ ಸೆರಗಿಗೆ ಸುರಿದುಕೊಂಡು ಗಂಟು ಹಾಕಿದಳು.

"ಇದು ನಂದು," ಎಂದಳು. "ನಿನಗ ಹಾಕಬಾರದಿತ್ತು, ಮಗಳ."

ಆಮೇಲೆ ಚಕ್ಕಡಿಯಿಂದ ಬುಟ್ಟಿ ತರಿಸಿದಳು. ಅರಿಷಿಣ ಕುಂಕುಮ ಹಚ್ಚಿ, ಹಸಿರು ಕುಬಸದ ಖಣ ಇಟ್ಟು, ಸೊಸೆಯ ಅದೇ ಸೆರಗಿಗೆ ಹೊಸ ಜೋಳ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕುತ್ತ ಐದು ಬೊಗಸೆ ಉಡಿ ತುಂಬಿದಳು. ಆ ಇಪ್ಪತ್ತೆಂಟು ದಿನ ಒಂದು ಸಲವೂ ಅಳದಿದ್ದ ತಾಯವ್ವ ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಎಲ್ಲರ ಮುಂದೆ, ಚಕ್ಕಡಿ ಹೊರಡುವ ಹೊತ್ತು ಮೀರಿದರೂ ಅಳುತ್ತ ಕೂತಳು. ಆ ನೀರನ್ನು ನಾನು ಅಳೆಯಲಿಲ್ಲ.